ಕೊಂಡ ವಸ್ತುವಿನ ಮೇಲೆ ಉಳಿದ ಹಕ್ಕು

ಪ್ರತಿವರ್ಷ ಸೂರಾ ಅಲ್‌ಬಕರದ 282ನೆಯ ಸೂಕ್ತದ ಪಾಠಕ್ಕೆ ಬಂದಾಗ ನಮ್ಮ ತರಗತಿಯ ಮಕ್ಕಳು ನಿಟ್ಟುಸಿರು ಬಿಡುತ್ತಾರೆ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವದು. ಮದೀನಾ ಮುದ್ರಣದ ಪ್ರತಿಯಲ್ಲಿ ಒಂದಿಡೀ ಪುಟವನ್ನು ಅದು ತುಂಬಿಕೊಂಡಿದೆ. ಅಷ್ಟು ಉದ್ದದ ಸೂಕ್ತವು ನಮಾಝಿನ ಕುರಿತೂ ಅಲ್ಲ, ಉಪವಾಸದ ಕುರಿತೂ ಅಲ್ಲ. ಸಾಲದ ವ್ಯವಹಾರವನ್ನು ಬರೆದಿಡುವುದರ ಕುರಿತಾಗಿದೆ. ಅವಧಿಯನ್ನು ಗೊತ್ತುಪಡಿಸಬೇಕು, ಬರಹಗಾರನು ನ್ಯಾಯದಿಂದ ಬರೆಯಬೇಕು, ಸಾಕ್ಷಿಗಳು ಇರಬೇಕು, ಮೊತ್ತವು ಸಣ್ಣದಾಗಲಿ ದೊಡ್ಡದಾಗಲಿ ಬರೆಯಲು ಬೇಸರಪಡಬಾರದು ಎಂದು ಅಲ್ಲಾಹನು ಅದರಲ್ಲಿ ಕಲಿಸುತ್ತಾನೆ. ಇಪ್ಪತ್ತು ವರ್ಷಗಳಿಂದ ನಾವು ಈ ಪಾಠವನ್ನು ಮಾಡುತ್ತ ಬಂದಿದ್ದೇವೆ. ಆದರೆ ನಮ್ಮ ಮನೆಯ ವ್ಯವಹಾರವೊಂದು ಎದುರಾದಾಗ ಆ ಪುಟವನ್ನು ನಾವೇ ಮರೆತೆವು. ಮರೆತುದರ ಫಲವನ್ನು ಇತರರು ಉಣ್ಣಬೇಕಾಯಿತು. ಇಂತಹ ಮರೆವು ಇನ್ನೊಂದು ಮನೆಯಲ್ಲಿ ಆಗದಿರಲಿ ಎಂಬ ಉದ್ದೇಶದಿಂದ ಇದನ್ನು ಬರೆಯುತ್ತಿದ್ದೇವೆ.

ನಮ್ಮ ಅಕ್ಕನ ಮಗ ಸೌದಿಯ ದಮ್ಮಾಮಿನ ಬೇಕರಿಯೊಂದರಲ್ಲಿ ಹನ್ನೊಂದು ವರ್ಷ ದುಡಿದು ಊರಿಗೆ ಮರಳಿದನು. ಕಲಿತ ಕೆಲಸವನ್ನೇ ಊರಿನಲ್ಲಿ ಮಾಡಬೇಕು, ಬಡ್ಡಿಯ ಸಾಲಕ್ಕೆ ಕೈಹಾಕಬಾರದು ಎಂಬುದು ಅವನ ನಿರ್ಧಾರವಾಗಿತ್ತು. ಅದೇ ವೇಳೆಗೆ ನಮ್ಮ ಪೇಟೆಯ ಹಳೆಯ ಬೇಕರಿಯೊಂದು ಮಾರಾಟಕ್ಕಿದೆಯೆಂದು ತಿಳಿಯಿತು. ಮಾಲಕರು ಎಪ್ಪತ್ತರ ಹತ್ತಿರದ ಹಾಜಿಯವರು, ಮಕ್ಕಳು ಪರವೂರಿನಲ್ಲಿದ್ದರು. ಓವನ್, ಹಿಟ್ಟು ಕಲಸುವ ಯಂತ್ರ, ಶೋಕೇಸುಗಳು, ಸರಕು ಸಾಗಿಸುವ ಸಣ್ಣ ವಾಹನ, ಬಾಡಿಗೆ ಕಟ್ಟಡಕ್ಕೆ ಕೊಟ್ಟಿದ್ದ ಠೇವಣಿ ಮತ್ತು ಅಂಗಡಿಯ ಹೆಸರು, ಎಲ್ಲವೂ ಸೇರಿ 18 ಲಕ್ಷ ರೂಪಾಯಿಗೆ ಮಾತಾಯಿತು. ಅಸರ್ ನಮಾಝಿನ ಬಳಿಕ ಮಸೀದಿಯ ಜಗಲಿಯಲ್ಲಿ ನಡೆದ ಆ ಮಾತುಕತೆಗೆ ನಾವೇ ಸಾಕ್ಷಿಯಾಗಿದ್ದೆವು.

ಮನೆಗೆ ಹಿಂದಿರುಗುವಾಗ ಅಳಿಯ ಕೇಳಿದನು: “ಮಾಮ, ಮುಂಗಡ ಕೊಡುವ ಮೊದಲು ಕಾಗದಪತ್ರಗಳನ್ನು ಒಮ್ಮೆ ನೋಡೋಣವೇ? ಯಂತ್ರಗಳ ಮೇಲೆ ಸಾಲವಿದೆಯೇ ಎಂದು ಕೇಳೋಣವೇ?”

ನಾವು ತಡೆದೆವು. “ನಲವತ್ತು ವರ್ಷಗಳಿಂದ ಮೊದಲ ಸಫ್ಫಿನಲ್ಲಿ ನಿಲ್ಲುವ ಮನುಷ್ಯ ಅವರು. ಅವರಲ್ಲಿ ಹಾಗೆ ಕೇಳುವುದು ಅವಮಾನ ಮಾಡಿದಂತೆ” ಎಂದೆವು. ಅಳಿಯನು ನಮ್ಮ ಮಾತನ್ನು ಮೀರುವವನಲ್ಲ. ನಾಲ್ಕು ಸಾಲಿನ ಕರಾರುಪತ್ರಕ್ಕೆ ಸಹಿಯಾಯಿತು. 5 ಲಕ್ಷ ಮುಂಗಡ ಸಂದಾಯವಾಯಿತು. ಬೇಕರಿಯ ಬೀಗದ ಕೈ ಅಳಿಯನ ಕೈಸೇರಿತು. ಉಳಿದ 13 ಲಕ್ಷದಲ್ಲಿ 8 ಲಕ್ಷವನ್ನು ಎರಡು ತಿಂಗಳೊಳಗೆ, 5 ಲಕ್ಷವನ್ನು ಕಂತುಗಳಲ್ಲಿ ಕೊಡುವುದೆಂದು ಒಪ್ಪಂದವಾಗಿತ್ತು. ಕಂತಿಗೆ ಬಡ್ಡಿಯಿರಲಿಲ್ಲ. ಈ ಹಲಾಲ್ ಏರ್ಪಾಡನ್ನು ಕಂಡು ನಾವು ಒಳಗೊಳಗೇ ಹೆಮ್ಮೆಪಟ್ಟಿದ್ದೆವೆಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಮೂರು ವಾರಗಳ ಬಳಿಕ ವಾಹನವನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಅಳಿಯನು ಆರ್.ಟಿ.ಓ. ಕಚೇರಿಗೆ ಹೋದನು. ಆರ್.ಸಿ.ಯಲ್ಲಿ ಬ್ಯಾಂಕೊಂದರ ಹೆಸರು ನಮೂದಾಗಿತ್ತು. ಹೆಸರು ವರ್ಗಾವಣೆಯ ಫಾರ್ಮ್ 29 ಮತ್ತು 30 ಮಾತ್ರ ಸಾಲದು, ಸಾಲ ತೀರಿದೆಯೆಂದು ಬ್ಯಾಂಕು ಸಹಿಹಾಕಿದ ಫಾರ್ಮ್ 35 ಬೇಕು ಎಂದು ಅಲ್ಲಿ ತಿಳಿಸಿದರು. ಹಾಜಿಯವರನ್ನು ಕೇಳಿದಾಗ “ಅದೊಂದು ಸಣ್ಣ ಬಾಕಿ, ನಾನೇ ಕಟ್ಟಿ ಮುಗಿಸುತ್ತೇನೆ” ಎಂದರು. ಈ ಸಲ ಅಳಿಯನು ನಮ್ಮ ಒಪ್ಪಿಗೆಗೆ ಕಾಯಲಿಲ್ಲ. ಹಾಜಿಯವರನ್ನು ಕರೆದುಕೊಂಡೇ ಬ್ಯಾಂಕಿಗೆ ನಡೆದನು. ನಾವೂ ಹಿಂದೆ ಹೋದೆವು.

ಬಾಕಿಯಿದ್ದುದು 7,40,000 ರೂಪಾಯಿ. ವಾಹನ ಮಾತ್ರವಲ್ಲ, ಓವನ್, ಯಂತ್ರಗಳು, ದಾಸ್ತಾನು, ಎಲ್ಲವನ್ನೂ ಸಾಲಕ್ಕೆ ಆಧಾರವಾಗಿ ಬರೆದುಕೊಡಲಾಗಿತ್ತು. ಹಾಜಿಯವರ ತಮ್ಮ ಜಾಮೀನು ನಿಂತಿದ್ದರು. ಅವರ ಮನೆಯ ಮೂಲಪತ್ರಗಳು ಬ್ಯಾಂಕಿನ ಕಪಾಟಿನಲ್ಲಿದ್ದವು. ಕಂತು ಕಟ್ಟದೆ ಎರಡು ತಿಂಗಳು ಕಳೆದಿತ್ತು. ನಾವು ಕೊಟ್ಟಿದ್ದ 5 ಲಕ್ಷದಲ್ಲಿ ಒಂದು ರೂಪಾಯಿಯೂ ಆ ಖಾತೆಗೆ ಸೇರಿರಲಿಲ್ಲ. ಅದು ಹಾಜಿಯವರ ಪತ್ನಿಯ ಚಿಕಿತ್ಸೆಗೆ ಖರ್ಚಾಗಿತ್ತು. ಅವರು ಮೋಸಗಾರರಲ್ಲ. ಉಳಿದ ಹಣ ಬಂದಾಗ ನಿಧಾನವಾಗಿ ಕಟ್ಟಿದರಾಯಿತೆಂದು ಎಣಿಸಿದ ಒಬ್ಬ ಸಂಕಟದ ಮುದುಕ. ಆದರೆ ಹೇಳಬೇಕಾದುದನ್ನು ಅವರು ಹೇಳಲಿಲ್ಲ. ಕೇಳಬೇಕಾದುದನ್ನು ನಾವು ಕೇಳಗೊಡಲಿಲ್ಲ.

ಬ್ಯಾಂಕಿನ ವ್ಯವಸ್ಥಾಪಕಿ ತಾಳ್ಮೆಯಿಂದ ವಿವರಿಸಿದರು. ಯಂತ್ರವನ್ನೋ ವಾಹನವನ್ನೋ ಸಾಲಗಾರನ ಬಳಿಯಲ್ಲೇ ಬಿಟ್ಟು, ಅದರ ಮೇಲಿನ ಹಕ್ಕನ್ನು ಮಾತ್ರ ಬ್ಯಾಂಕು ಇಟ್ಟುಕೊಳ್ಳುವುದನ್ನು ಹೈಪಾಥಿಕೇಶನ್ ಎನ್ನುತ್ತಾರೆ. ಒತ್ತೆಯಿಟ್ಟ ಚಿನ್ನ ಬ್ಯಾಂಕಿನ ಲಾಕರಿನಲ್ಲಿರುವುದರಿಂದ ಅದರ ಮೇಲೆ ಸಾಲವಿರುವುದು ಎಲ್ಲರಿಗೂ ತಿಳಿಯುತ್ತದೆ. ಓವನ್ನಾದರೋ ಅಂಗಡಿಯಲ್ಲೇ ಉರಿಯುತ್ತಿರುತ್ತದೆ. ನೋಡಿದವರು ಅದು ಮಾಲಕನದೇ ಎಂದುಕೊಳ್ಳುತ್ತಾರೆ. ಬ್ಯಾಂಕಿನ ಅನುಮತಿಯಿಲ್ಲದೆ ಅದನ್ನು ಮಾರಬಾರದೆಂದು ಸಾಲಪತ್ರದಲ್ಲಿ ಬರೆದಿತ್ತು. ಕಂತು 90 ದಿನಗಳಿಗಿಂತ ಹೆಚ್ಚು ಬಾಕಿಯಾದರೆ ಖಾತೆಯು ಅನುತ್ಪಾದಕವೆಂದು ಗುರುತಿಸಲ್ಪಡುತ್ತದೆ. ಬಳಿಕ 2002ರ ಸರ್ಫೇಸಿ ಕಾಯಿದೆಯಂತೆ ಬ್ಯಾಂಕು ನೋಟೀಸು ಕೊಟ್ಟು, 60 ದಿನಗಳಲ್ಲಿ ಬಾಕಿ ತೀರದಿದ್ದರೆ ಆಧಾರವಾಗಿಟ್ಟ ಸೊತ್ತನ್ನು ವಶಪಡಿಸಿಕೊಳ್ಳಬಹುದು. ನೋಟೀಸು ತಲುಪಿದ ಮೇಲೆ ದಿನನಿತ್ಯದ ವ್ಯಾಪಾರವನ್ನು ಬಿಟ್ಟು ಆ ಸೊತ್ತನ್ನು ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ. ಅಂದರೆ ಓವನ್ನಿನಿಂದ ಬಂದ ಬ್ರೆಡ್ಡನ್ನು ಮಾರಬಹುದು, ಓವನ್ನನ್ನು ಮಾರಲಾಗದು.

ಮುಂಗಡದ ಮೊದಲು ಊರಿನ ಒಬ್ಬರು “ಇ.ಸಿ. ತೆಗೆಸಿ ನೋಡಿ” ಎಂದಿದ್ದರು. ಉಪನೋಂದಣಿ ಕಚೇರಿಯ ಆ ಋಣಭಾರ ಪತ್ರವು ಜಮೀನು ಮತ್ತು ಕಟ್ಟಡದ ಮೇಲೆ ನೋಂದಣಿಯಾದ ವ್ಯವಹಾರಗಳನ್ನಷ್ಟೇ ತೋರಿಸುತ್ತದೆ. ಯಂತ್ರದ ಮೇಲಿನ ಸಾಲ ಅದರಲ್ಲಿ ಕಾಣುವುದಿಲ್ಲ. ಅದಕ್ಕಾಗಿ 2011ರಲ್ಲಿ ಆರಂಭವಾದ ಸೆರ್ಸಾಯಿ ಎಂಬ ಕೇಂದ್ರ ನೋಂದಣಿ ವ್ಯವಸ್ಥೆಯಿದೆ. ಬ್ಯಾಂಕು ತನ್ನ ಹಕ್ಕನ್ನು ಅಲ್ಲಿ ದಾಖಲಿಸಿದ್ದರೆ ಯಾರು ಬೇಕಾದರೂ ಸಣ್ಣ ಶುಲ್ಕ ತೆತ್ತು ಅಂತರ್ಜಾಲದಲ್ಲಿ ಹುಡುಕಿ ನೋಡಬಹುದು. ಇದು ನಮಗೆ ಅಂದೇ ತಿಳಿದದ್ದು.

ಆ ರಾತ್ರಿ ನಾವು ಫಿಕ್ಹ್ ಗ್ರಂಥದ ‘ರಹ್ನ್’ ಅಧ್ಯಾಯವನ್ನು ಮತ್ತೆ ತೆರೆದೆವು. ವಿದ್ಯಾರ್ಥಿಯಾಗಿದ್ದಾಗ ಓದಿ ಪರೀಕ್ಷೆ ಬರೆದ ಅಧ್ಯಾಯವೇ ಅದು. ಒತ್ತೆಯಿಟ್ಟ ವಸ್ತುವು ಸಾಲಗಾರನದೇ ಆಗಿದ್ದರೂ ಅದರಲ್ಲಿ ಸಾಲ ಕೊಟ್ಟವನ ಹಕ್ಕು ಸೇರಿಕೊಂಡಿರುತ್ತದೆ. ನಮ್ಮ ಕರಾವಳಿಯಲ್ಲಿ ಹೆಚ್ಚಿನವರು ಅನುಸರಿಸುವ ಶಾಫಿಈ ಮದ್ಹಬಿನ ಪ್ರಕಾರ, ಒತ್ತೆಯು ಸಾಲ ಕೊಟ್ಟವನ ವಶಕ್ಕೆ ಸೇರಿದ ಮೇಲೆ ಅವನ ಅನುಮತಿಯಿಲ್ಲದೆ ಅದನ್ನು ಮಾರಿದರೆ ಆ ಮಾರಾಟ ಸಿಂಧುವಲ್ಲ. ಘಟ್ಟದ ಮೇಲಿನ ನಮ್ಮ ಸಹೋದರರು ಅನುಸರಿಸುವ ಹನಫಿ ಮದ್ಹಬಿನಲ್ಲಿ ಅಂತಹ ಮಾರಾಟವು ತೂಗುತ್ತಿರುತ್ತದೆ. ಸಾಲ ಕೊಟ್ಟವನು ಒಪ್ಪಿದರೆ ಅಥವಾ ಸಾಲ ತೀರಿದರೆ ಮಾತ್ರ ಜಾರಿಯಾಗುತ್ತದೆ. ಸಾಲಗಾರನ ಬಳಿಯಲ್ಲೇ ಉಳಿಯುವ ಇಂದಿನ ಬ್ಯಾಂಕಿನ ಆಧಾರವು ಹಳೆಯ ಒತ್ತೆಗೆ ಪೂರ್ಣವಾಗಿ ಸಮವಲ್ಲದಿರಬಹುದು. ಆದರೆ ಒಂದು ಮಾತು ಸ್ಪಷ್ಟ: ವಸ್ತುವಿನ ಬೆಲೆಯನ್ನು ಮಾಲಕನಿಗೆ ಕೊಟ್ಟ ಮಾತ್ರಕ್ಕೆ ಅದರಲ್ಲಿರುವ ಮೂರನೆಯವರ ಹಕ್ಕು ಅಳಿಯುವುದಿಲ್ಲ. ಅದನ್ನು ಬಿಡಬೇಕಾದವರು ಆ ಹಕ್ಕುದಾರರೇ.

ಮರುದಿನ ಮೂರು ದಾರಿಗಳು ನಮ್ಮ ಮುಂದಿದ್ದವು. ಹಾಜಿಯವರ ಹೆಸರಿನಲ್ಲೇ ಸಾಲವನ್ನು ಉಳಿಸಿ ಅಳಿಯನು ಕಂತು ಕಟ್ಟುತ್ತ ಹೋಗುವುದು ಮೊದಲನೆಯದು. ಊರಿನಲ್ಲಿ ಹಲವರು ಹೀಗೆಯೇ ಮಾಡುತ್ತಾರೆ. ಆದರೆ ಬ್ಯಾಂಕಿನ ದೃಷ್ಟಿಯಲ್ಲಿ ಸಾಲಗಾರರು ಹಾಜಿಯವರೇ, ಜಾಮೀನುದಾರರು ಅವರ ತಮ್ಮನೇ. 1872ರ ಕರಾರು ಕಾಯಿದೆಯಂತೆ, ಬೇರೆ ಷರತ್ತು ಇಲ್ಲದಿದ್ದರೆ ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಯಷ್ಟೇ ದೊಡ್ಡದು. ನಾಳೆ ಅಳಿಯನ ವ್ಯಾಪಾರ ಕುಸಿದರೆ ಆ ತಮ್ಮನ ಮನೆ ಹೋಗಬಹುದು. ಹಾಜಿಯವರು ತೀರಿಹೋದರೆ ಅಳಿಯನ ಬಳಿ ಯಾವ ಆಧಾರವೂ ಇರುವುದಿಲ್ಲ. ಸಾಲವನ್ನು ಅಳಿಯನ ಹೆಸರಿಗೆ ಬದಲಾಯಿಸಿಕೊಳ್ಳುವುದು ಎರಡನೆಯ ದಾರಿ. ಬ್ಯಾಂಕು ಅದಕ್ಕೆ ಸಿದ್ಧವಿತ್ತು. “ಹನ್ನೊಂದು ವರ್ಷ ಬಡ್ಡಿಯಿಂದ ದೂರವಿದ್ದು ಈಗ ಸಹಿ ಹಾಕಲೇ, ಮಾಮ?” ಎಂದು ಅಳಿಯ ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಸಾಲವನ್ನು ಪೂರ್ತಿ ತೀರಿಸಿ ಸೊತ್ತನ್ನು ಬಿಡಿಸಿಕೊಳ್ಳುವುದು ಮೂರನೆಯ ದಾರಿ.

ಲೆಕ್ಕ ಹಾಕಿದಾಗ ಹೊಸ ಹಣ ಬೇಕಾಗಿಲ್ಲವೆಂದು ಕಂಡಿತು. ಹಾಜಿಯವರಿಗೆ ಸಲ್ಲಬೇಕಾದ 13 ಲಕ್ಷದಲ್ಲೇ 7,40,000 ಅಡಗಿತ್ತು. ಹಣ ಹೋಗುವ ದಾರಿಯನ್ನಷ್ಟೇ ಬದಲಿಸಬೇಕಾಗಿತ್ತು: ಹಾಜಿಯವರ ಕೈಗಲ್ಲ, ನೇರವಾಗಿ ಅವರ ಸಾಲದ ಖಾತೆಗೆ. ಇದರಿಂದ ಅಳಿಯನು ಬಡ್ಡಿಯ ವ್ಯವಹಾರದಲ್ಲಿ ಪಾಲುಗಾರನಾಗುವನೇ ಎಂದು ಹಿರಿಯ ವಿದ್ವಾಂಸರೊಬ್ಬರಲ್ಲಿ ಕೇಳಿದೆವು. “ಅವನು ಕೊಡುವುದು ತಾನು ಕೊಂಡ ವಸ್ತುವಿನ ಬೆಲೆಯನ್ನು. ಮಾರಿದವರು ಹೇಳಿದ ಕಡೆಗೆ ಅದನ್ನು ಸಲ್ಲಿಸುತ್ತಾನೆ, ಅಷ್ಟೇ. ಬಡ್ಡಿಯ ಕರಾರಿಗೆ ಅವನು ಸೇರುತ್ತಿಲ್ಲ, ಇದ್ದುದೊಂದು ಮುಗಿಯುತ್ತಿದೆ” ಎಂದು ಅವರು ಸಮಾಧಾನ ಹೇಳಿದರು. ತನಗೆ ಸಾಲ ಕೊಟ್ಟವನನ್ನು ತನಗೆ ಹಣ ಕೊಡಬೇಕಾದವನ ಕಡೆಗೆ ತಿರುಗಿಸುವುದನ್ನು ಫಿಕ್ಹ್‌ನಲ್ಲಿ ‘ಹವಾಲಃ’ ಎನ್ನುತ್ತಾರೆ. ಪತ್ರಿಕೆಗಳಲ್ಲಿ ಅಕ್ರಮ ಹಣಸಾಗಾಟಕ್ಕೆ ಅಂಟಿಕೊಂಡಿರುವ ಈ ಪದದ ಮೂಲ ಅರ್ಥ ಇಷ್ಟು ನಿರ್ಮಲವಾದುದು. ನಮ್ಮ ಏರ್ಪಾಡು ಅದಕ್ಕೆ ಹತ್ತಿರವಾಗಿತ್ತು.

ಕಷ್ಟವು ಬಂದದ್ದು ಬೇರೆ ಕಡೆಯಿಂದ. 8 ಲಕ್ಷ ಕೈಗೆ ಬರುತ್ತದೆಂದು ಕಾದಿದ್ದ ಹಾಜಿಯವರಿಗೆ ಈಗ 60,000 ಮಾತ್ರ ಸಿಗುತ್ತಿತ್ತು. ಪತ್ನಿ ಇನ್ನೂ ಆಸ್ಪತ್ರೆಯಲ್ಲಿದ್ದರು. “ಉಸ್ತಾದರೇ, ನನ್ನ ಕೈಗೆ ಕೊಟ್ಟರೆ ನಾನು ಕಟ್ಟುವುದಿಲ್ಲವೆಂದು ಎಣಿಸಿದಿರಾ? ನನ್ನ ಮೇಲೆ ಇಷ್ಟೂ ನಂಬಿಕೆಯಿಲ್ಲವೇ?” ಎಂದು ಅವರು ನಮ್ಮನ್ನು ಕೇಳಿದರು. ಆ ಪ್ರಶ್ನೆಯ ಮುಂದೆ ನಾವು ಬಹಳ ಹೊತ್ತು ತಲೆತಗ್ಗಿಸಿ ಕುಳಿತೆವು. ಬಳಿಕ ಹೇಳಿದೆವು: “ಹಾಜಿಯವರೇ, ಸಾಲ ಮಾಡಿದ್ದರಿಂದ ನಿಮ್ಮ ಮಾನ ಹೋಗಿಲ್ಲ. ಪ್ರವಾದಿವರ್ಯರು(ಸ) ವಫಾತ್ ಆದಾಗ ಅವರ ಕವಚವೇ ಮನೆಮಂದಿಗೆ ತಂದ ಬಾರ್ಲಿಗಾಗಿ ಒಬ್ಬ ಯಹೂದಿಯ ಬಳಿ ಒತ್ತೆಯಿತ್ತಲ್ಲವೇ? ಆದರೆ ಹಣ ನಿಮ್ಮ ಕೈಗೆ ಬಂದರೆ ಆಸ್ಪತ್ರೆಯ ಬಿಲ್ಲು ಮುಂದೆ ಬರುತ್ತದೆ. ನಿಮ್ಮ ಜಾಗದಲ್ಲಿದ್ದರೆ ನಾವೂ ಅದನ್ನೇ ಮೊದಲು ಕಟ್ಟುತ್ತಿದ್ದೆವು. ಆಗ ನಿಮ್ಮ ತಮ್ಮನ ಮನೆಯ ಗತಿಯೇನು?” ಅವರು ಮಾತಾಡಲಿಲ್ಲ. ತಮ್ಮನ ಹೆಸರು ಬಂದಾಗ ಅವರ ಕಣ್ಣು ತುಂಬಿತು.

ಹಾಜಿಯವರ ಅಗತ್ಯವನ್ನು ಹಾಗೆಯೇ ಬಿಡುವಂತಿರಲಿಲ್ಲ. ಅಳಿಯನ ಸಹಪಾಠಿಯೊಬ್ಬನು 3 ಲಕ್ಷ ಹಾಕಿ ಬೇಕರಿಯಲ್ಲಿ ಪಾಲುದಾರನಾಗಲು ಒಪ್ಪಿದನು. ಲಾಭನಷ್ಟಗಳೆರಡನ್ನೂ ಬಂಡವಾಳದ ಅನುಪಾತದಲ್ಲಿ ಹಂಚಿಕೊಳ್ಳುವುದೆಂದು ಬರೆಯಲಾಯಿತು. ಕಂತಿನಲ್ಲಿ ಹೋಗಬೇಕಾಗಿದ್ದ 5 ಲಕ್ಷದಲ್ಲಿ ಈ 3 ಲಕ್ಷವನ್ನು ಒಟ್ಟಿಗೇ ಕೊಡಲು ಸಾಧ್ಯವಾಯಿತು. ಉಳಿದ 2 ಲಕ್ಷಕ್ಕೆ ತಿಂಗಳಿಗೆ 20,000ದಂತೆ ಹತ್ತು ಕಂತುಗಳು. 3 ಲಕ್ಷಕ್ಕೆ ಹಾಜಿಯವರ ಹೆಸರಿನಲ್ಲಿ ಡಿ.ಡಿ. ತೆಗೆದು, ಬ್ಯಾಂಕಿನ ಬಿಡುಗಡೆಪತ್ರಗಳು ಬರುವ ತನಕ ಇಬ್ಬರಿಗೂ ಒಪ್ಪಿಗೆಯಾದ ಒಬ್ಬರ ಬಳಿ ಇಡುವುದೆಂದು ನಿಶ್ಚಯಿಸಿದೆವು. ಒತ್ತೆಯನ್ನು ಇಬ್ಬರೂ ನಂಬುವ ಮೂರನೆಯವನ ಬಳಿ ಇಡುವ ಕ್ರಮ ಫಿಕ್ಹ್‌ನಲ್ಲಿದೆ. ಅವನನ್ನು ‘ಅದ್ಲ್’ ಎನ್ನುತ್ತಾರೆ. ಆ ಹೊಣೆಗೆ ಮೊದಲು ನಮ್ಮ ಹೆಸರು ಬಂತು. ಒಮ್ಮೆ ವಿಚಾರಿಸದೆ ಸಾಕ್ಷಿ ನಿಂತವರಿಗೆ ಆ ಅರ್ಹತೆಯಿಲ್ಲವೆಂದು ನಾವು ಹಿಂದೆ ಸರಿದೆವು. ನಿವೃತ್ತ ಪೋಸ್ಟ್‌ಮಾಸ್ಟರೊಬ್ಬರು ಅದನ್ನು ವಹಿಸಿಕೊಂಡರು.

ಬಳಿಕ ಎಲ್ಲವೂ ಬರಹದಲ್ಲೇ ನಡೆಯಿತು. ಸಾಲವನ್ನು ಮುಗಿಸಲು ಎಷ್ಟು ಕಟ್ಟಬೇಕೆಂದು ಹಾಜಿಯವರು ಬ್ಯಾಂಕಿಗೆ ಅರ್ಜಿ ಕೊಟ್ಟರು. ಇಂತಹ ದಿನಾಂಕಕ್ಕೆ ಇಷ್ಟು ಮೊತ್ತ, ತಡವಾದರೆ ದಿನವೊಂದಕ್ಕೆ ಇಷ್ಟು ಹೆಚ್ಚು, ಹಣ ಸಂದ ಬಳಿಕ ಕೆಳಗಿನ ಸೊತ್ತುಗಳ ಮೇಲಿನ ಹಕ್ಕನ್ನು ಬಿಟ್ಟುಕೊಡಲಾಗುವುದು ಎಂದು ಬ್ಯಾಂಕು ಪತ್ರ ಕೊಟ್ಟಿತು. ಸೊತ್ತುಗಳ ಪಟ್ಟಿಯಲ್ಲಿ ಓವನ್ನಿನ ಕ್ರಮಸಂಖ್ಯೆಯೂ ವಾಹನದ ನಂಬರೂ ಇದ್ದವು. ಆ ಪತ್ರ ಕೈಸೇರಿದ ಮೇಲಷ್ಟೇ ಅಳಿಯನು ಹಣವನ್ನು ಸಾಲದ ಖಾತೆಗೆ ಜಮೆ ಮಾಡಿದನು.

ಹಣ ಕಟ್ಟಿದರೆ ಎಲ್ಲವೂ ತಾನಾಗಿ ಬಿಡುಗಡೆಯಾಗುತ್ತದೆಂದು ನಾವು ತಿಳಿದಿದ್ದೆವು. ಹಾಗಲ್ಲ. ಬಾಕಿಯಿಲ್ಲವೆಂಬ ಪತ್ರ ಒಂದು. ಯಂತ್ರಗಳ ಮೇಲಿನ ಹಕ್ಕನ್ನು ಬಿಟ್ಟ ಪತ್ರ ಇನ್ನೊಂದು. ವಾಹನಕ್ಕೆ ಸಹಿಯಾದ ಫಾರ್ಮ್ 35 ಬೇರೆ. ಕೇಂದ್ರ ನೋಂದಣಿಯಲ್ಲಿ ದಾಖಲೆ ಮುಗಿಸುವುದು ಬೇರೆ. ಜಾಮೀನುದಾರರ ಬಿಡುಗಡೆ ಮತ್ತು ಮನೆಯ ಮೂಲಪತ್ರಗಳ ವಾಪಸಾತಿ ಬೇರೆ. ಇವುಗಳಲ್ಲಿ ಒಂದನ್ನು ಮರೆತರೂ ಹತ್ತು ವರ್ಷಗಳ ಬಳಿಕ ಅದು ಯಾರದೋ ಕಾಲಿಗೆ ತೊಡಕಾಗಬಹುದು. ಸಾಲ ತೀರಿದ 30 ದಿನಗಳೊಳಗೆ ಮೂಲಪತ್ರಗಳನ್ನು ಮರಳಿಸಬೇಕು, ಬ್ಯಾಂಕಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರಿನಲ್ಲಿ ಸೂಚಿಸಿದೆ. ಆದರೆ ಅದು ಗೃಹಸಾಲದಂತಹ ವೈಯಕ್ತಿಕ ಸಾಲಗಳಿಗೆ ಸಂಬಂಧಿಸಿದ ನಿಯಮ. ವ್ಯಾಪಾರದ ಸಾಲವಾದ್ದರಿಂದ ನಾವು ಪ್ರತಿಯೊಂದನ್ನೂ ಹೆಸರಿಸಿ ಲಿಖಿತವಾಗಿ ಕೇಳಿದೆವು. ಹದಿನೇಳು ದಿನಗಳಲ್ಲಿ ಎಲ್ಲವೂ ಬಂದವು.

ಮೈದಾ ಪೂರೈಸುವ ವ್ಯಾಪಾರಿಗೂ ಹಾಜಿಯವರು ಸ್ವಲ್ಪ ಹಣ ಕೊಡಬೇಕಾಗಿತ್ತು. ಅದನ್ನೂ ಬೇಕರಿಯೊಂದಿಗೆ ಅಳಿಯನೇ ಹೊರಬೇಕೇ ಎಂಬ ಪ್ರಶ್ನೆ ಬಂತು. ಆ ಸಾಲವು ಹಾಜಿಯವರ ಮೇಲಿರುವುದು, ಯಾವ ಯಂತ್ರದ ಮೇಲೂ ಅಲ್ಲ. ಮನುಷ್ಯನ ಮೇಲಿನ ಸಾಲ ಬೇರೆ, ವಸ್ತುವಿಗೆ ಅಂಟಿದ ಹಕ್ಕು ಬೇರೆ. ಮೊದಲನೆಯದು ಸಾಲಗಾರನ ಜೊತೆಗೇ ಹೋಗುತ್ತದೆ. ಎರಡನೆಯದನ್ನು ಬಿಡಿಸದಿದ್ದರೆ ಅದು ವಸ್ತುವಿನ ಜೊತೆ ಹೊಸ ಮಾಲಕನ ಮನೆಗೆ ಬರುತ್ತದೆ. ವ್ಯಾಪಾರವನ್ನು ಕೊಳ್ಳುವವರು ಇವೆರಡನ್ನೂ ಬೇರೆಬೇರೆಯಾಗಿ ಕೇಳಿ ತಿಳಿದು, ಯಾವುದು ಯಾರ ಹೊಣೆಯೆಂದು ಕರಾರಿನಲ್ಲಿ ಬರೆಯಬೇಕು. ನಮ್ಮ ಎರಡನೆಯ ಕರಾರುಪತ್ರವು ನಾಲ್ಕು ಸಾಲಿನದಾಗಿರದೆ ನಾಲ್ಕು ಪುಟದ್ದಾಯಿತು.

ಮೂಲಪತ್ರಗಳನ್ನು ತರಲು ಹಾಜಿಯವರ ತಮ್ಮನ ಜೊತೆ ನಾವೂ ಬ್ಯಾಂಕಿಗೆ ಹೋಗಿದ್ದೆವು. ಮನೆಯ ಪತ್ರಗಳನ್ನು ಅವರು ಎದೆಗವಚಿಕೊಂಡು ಹೊರಬಂದರು. “ಉಸ್ತಾದರೇ, ಮಗಳ ಮದುವೆಯ ಮಾತು ಬಂದಾಗಲೆಲ್ಲ ಈ ಕಾಗದ ನೆನಪಾಗುತ್ತಿತ್ತು. ಅಣ್ಣನಲ್ಲಿ ಕೇಳಲಾಗುತ್ತಿರಲಿಲ್ಲ” ಎಂದರು. ಆಗ ನಮಗೆ ಅಬೂ ಕತಾದ(ರ)ರ ಪ್ರಸಂಗ ನೆನಪಾಯಿತು. ಸಾಲವಿಟ್ಟು ತೀರಿಹೋದ ಒಬ್ಬರ ಜನಾಝ ನಮಾಝಿಗೆ ಪ್ರವಾದಿವರ್ಯರು(ಸ) ಮುಂದಾಗದಿದ್ದಾಗ, ಎರಡು ದೀನಾರುಗಳ ಆ ಸಾಲವನ್ನು ಅಬೂ ಕತಾದ(ರ) ತಮ್ಮ ಮೇಲೆ ಹೊತ್ತುಕೊಂಡರು. ಬಳಿಕ ನಮಾಝ್ ನೆರವೇರಿತು. ಪ್ರಸಂಗವು ಅಲ್ಲಿಗೇ ಮುಗಿಯಲಿಲ್ಲ. ಆ ದೀನಾರುಗಳು ಏನಾದವೆಂದು ಪ್ರವಾದಿವರ್ಯರು(ಸ) ಮತ್ತೆ ವಿಚಾರಿಸಿದರು. ಪಾವತಿಸಿದೆನೆಂದು ಅಬೂ ಕತಾದ(ರ) ತಿಳಿಸಿದಾಗಲೇ, ಮೃತನಿಗೆ ಈಗ ತಂಪಾಯಿತೆಂಬ ಅರ್ಥದ ಮಾತನ್ನಾಡಿದರೆಂದು ಇಮಾಮ್ ಅಹ್ಮದರ ಮುಸ್ನದ್‌ನಲ್ಲಿ ವರದಿಯಾಗಿದೆ. ಹೊತ್ತುಕೊಂಡವರು ಅಬೂ ಕತಾದರಂತಹ ಸಹಾಬಿ. ಆದರೂ ಪಾವತಿಯಾಯಿತೇ ಎಂದು ಕೇಳಲಾಯಿತು. ಕೇಳಿದ್ದರಿಂದ ಅವರ ಮಾನಕ್ಕೆ ಕುಂದು ಬರಲಿಲ್ಲ.

ನಾವು ತಪ್ಪಿದ್ದು ಇಲ್ಲಿಯೇ. ಒಬ್ಬರ ನಮಾಝನ್ನು ನೋಡಿ ಅವರ ಓವನ್ನಿನ ಮೇಲೆ ಸಾಲವಿಲ್ಲವೆಂದು ಸಾಕ್ಷಿ ನುಡಿದೆವು. ಜಗಲಿಯಲ್ಲಿ ಉಸ್ತಾದರು ತಲೆಯಾಡಿಸಿದರೆ ಜನರು ಅದನ್ನೇ ಸಾಕ್ಷ್ಯವೆಂದು ನಂಬಿ ಹಣ ಎಣಿಸುತ್ತಾರೆ. ಅಂದು ನಾವು ತಡೆಯದೆ ಇದ್ದಿದ್ದರೆ ಹಾಜಿಯವರು ಮೊದಲ ದಿನವೇ ಸತ್ಯ ಹೇಳುತ್ತಿದ್ದರೇನೋ. ಪ್ರಶ್ನೆಯೇ ಬರದಿದ್ದುದರಿಂದ ಹೇಳುವ ಅವಕಾಶವೂ ಅವರಿಗೆ ಸಿಗಲಿಲ್ಲ. ಮಾರುವವನೂ ಕೊಳ್ಳುವವನೂ ಸತ್ಯ ನುಡಿದು ಎಲ್ಲವನ್ನೂ ತೆರೆದಿಟ್ಟರೆ ಅವರ ವ್ಯಾಪಾರದಲ್ಲಿ ಬರಕತ್ ಇರುತ್ತದೆ, ಮುಚ್ಚಿಟ್ಟರೆ ಅದು ಅಳಿಸಿಹೋಗುತ್ತದೆ ಎಂಬ ಪ್ರವಾದಿ ಬೋಧನೆಯನ್ನು ನಾವು ಮಾರುವವನಿಗೆ ಹೇಳಿದ ಮಾತೆಂದೇ ಕಲಿಸುತ್ತಿದ್ದೆವು. ಪರಸ್ಪರ ಕೇಳುವ ಮತ್ತು ಹೇಳುವ ವಾತಾವರಣವನ್ನು ಉಳಿಸುವ ಹೊಣೆ ನಡುವೆ ನಿಂತವರಿಗೂ ಇದೆ.

ಅಳಿಯನ ಬೇಕರಿ ಈಗ ನಡೆಯುತ್ತಿದೆ. ಹತ್ತು ಕಂತುಗಳಲ್ಲಿ ಆರು ಸಂದಿವೆ. ಪ್ರತಿ ಕಂತಿಗೂ ಹಾಜಿಯವರು ರಶೀದಿ ಬರೆದುಕೊಡುತ್ತಾರೆ, ಕೇಳದಿದ್ದರೂ ಕೊಡುತ್ತಾರೆ. ಅವರ ಪತ್ನಿ ಮನೆಗೆ ಮರಳಿದ್ದಾರೆ. ಅಸರ್‌ನ ಬಳಿಕ ಹಾಜಿಯವರು ಬೇಕರಿಯ ಮುಂದಿನ ಬೆಂಚಿನಲ್ಲಿ ಕುಳಿತು ಚಹಾ ಕುಡಿಯುವುದನ್ನು ನಾವು ಈಗಲೂ ಕಾಣುತ್ತೇವೆ.

ಈ ವರ್ಷ ಆ ದೀರ್ಘ ಸೂಕ್ತದ ಪಾಠ ಬಂದಾಗ ಹುಡುಗನೊಬ್ಬನು ಎಂದಿನಂತೆ ಕೇಳಿದನು: “ಉಸ್ತಾದ್, ನಂಬಿಕೆಯಿದ್ದವರ ನಡುವೆಯೂ ಬರೆಯಬೇಕೇ?” ಹೌದು ಎಂದೆವು. ಬಳಿಕ ಈ ಕತೆಯನ್ನು, ಯಾರ ಹೆಸರನ್ನೂ ಹೇಳದೆ, ನಮ್ಮ ತಪ್ಪನ್ನು ಮಾತ್ರ ನಮ್ಮದೆಂದೇ ಹೇಳಿ, ಮಕ್ಕಳ ಮುಂದಿಟ್ಟೆವು.

ಅಲ್ಲಾಹನು ನಮ್ಮೆಲ್ಲರನ್ನೂ ಋಣಮುಕ್ತರಾಗಿ ಅವನ ಬಳಿಗೆ ಮರಳುವವರನ್ನಾಗಿ ಮಾಡಲಿ. ಇತರರ ಹಕ್ಕು ಉಳಿದಿರುವ ಸೊತ್ತನ್ನು ನಮ್ಮದೆಂದು ಉಣ್ಣುವುದರಿಂದ ನಮ್ಮ ಮನೆಗಳನ್ನು ಕಾಪಾಡಲಿ. ಆಮೀನ್.